ಅಗ್ಗದ ಬಿಸಿನೀರಿನ ತೊಟ್ಟಿ: ಬೆಲೆಯಲ್ಲಿ ಸೇರದ ಹೊಣೆ

ಹೊಸಪೇಟೆ: ಹಂಪಿಯ ಪ್ರವಾಸೋದ್ಯಮ ಬೆಳೆದ ಬಗೆಯನ್ನು ಅರಿಯಲು ಅಲ್ಲಿನ ಸ್ನಾನದ ಮನೆಗಳನ್ನು ನೋಡಿದರೂ ಸಾಕು. ಬಕೆಟ್ಟಿನಲ್ಲಿ ಬಿಸಿನೀರು ತಂದುಕೊಡುವುದೇ ದೊಡ್ಡ ಉಪಚಾರವೆನಿಸಿದ್ದ ಕಾಲವೊಂದಿತ್ತು. ಬಳಿಕ ಗೀಸರ್ ಬಂತು, ಸೋಲಾರ್ ಬಂತು. ಈಗ ಐಷಾರಾಮಿ ರೆಸಾರ್ಟುಗಳು ಜಕೂಝಿ ಇರುವ ಕೊಠಡಿಗಳನ್ನು ಮುಂದಿಟ್ಟು ಅತಿಥಿಗಳನ್ನು ಕರೆಯುತ್ತಿವೆ. ಅವುಗಳ ಪಕ್ಕದಲ್ಲೇ ನಾಲ್ಕು ಕೊಠಡಿಗಳ ಹೋಂಸ್ಟೇ ನಡೆಸುವ ಮಾಲೀಕನಿಗೂ ಅಂಥದ್ದೊಂದು ಆಕರ್ಷಣೆ ಬೇಕೆನಿಸುವುದು ಸಹಜ. ಅವನ ಕೈಗೆಟಕುವ ಬೆಲೆಗೆ ಅದನ್ನು ಒದಗಿಸಲು ಆನ್‌ಲೈನ್ ಮಾರುಕಟ್ಟೆ ಸಿದ್ಧವಾಗಿದೆ. ಗಾಳಿ ತುಂಬಿ ನಿಲ್ಲಿಸುವ, ಪಂಪು-ಹೀಟರ್ ಸಹಿತವಾದ, ಬಹುಪಾಲು ಚೀನಾದಲ್ಲಿ ತಯಾರಾಗುವ ಬಿಸಿನೀರಿನ ತೊಟ್ಟಿ ವಿದೇಶಿ ತಾಣಗಳಲ್ಲಿ ಕೆಲವು ನೂರು ಡಾಲರ್‌ಗಳಿಗೆ ಸಿಗುತ್ತದೆ. ಅಕ್ರಿಲಿಕ್‌ನಿಂದ ಮಾಡಿದ ಹೆಸರಾಂತ ಕಂಪನಿಯ ತೊಟ್ಟಿಗೆ ಹಲವು ಲಕ್ಷ ರೂಪಾಯಿ ತೆರಬೇಕು.

ಈ ಎರಡು ಬೆಲೆಗಳ ನಡುವಿನ ಅಂತರ ಕೇವಲ ಪ್ಲಾಸ್ಟಿಕ್ಕಿಗೂ ಅಕ್ರಿಲಿಕ್ಕಿಗೂ ಇರುವ ವ್ಯತ್ಯಾಸವೆಂದು ತಿಳಿದರೆ ಅದು ತಪ್ಪು. ದುಬಾರಿ ತೊಟ್ಟಿಯ ಬೆಲೆಯಲ್ಲಿ ಸ್ಥಳ ಪರಿಶೀಲನೆ, ವಿದ್ಯುತ್ ಜೋಡಣೆ, ಬಿಡಿಭಾಗ, ದುರಸ್ತಿ ಮತ್ತು ಮುಖ್ಯವಾಗಿ ಒಬ್ಬ ಉತ್ತರದಾಯಿ ಸೇರಿರುತ್ತಾನೆ. ಅಗ್ಗದ ತೊಟ್ಟಿಯ ಪೆಟ್ಟಿಗೆಯಲ್ಲಿ ಇವು ಯಾವುವೂ ಇರುವುದಿಲ್ಲ. ಆ ಹೊಣೆಯೆಲ್ಲ ಕೊಂಡವನ ಹೆಗಲೇರುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನೆಲ, ನೀರು ಮತ್ತು ವಿದ್ಯುತ್ತಿನ ಸ್ಥಿತಿಯಲ್ಲಿ ಆ ಹೊಣೆ ಇನ್ನಷ್ಟು ಭಾರವಾಗುತ್ತದೆ.

ಈ ತೊಟ್ಟಿಗಳು ಇಲ್ಲಿಯವರಿಗೆ ಹಿಡಿಸಲು ಇನ್ನೊಂದು ಕಾರಣವೂ ಇದೆ. ಹಂಪಿ 1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಅದರ ವ್ಯಾಪ್ತಿಯಲ್ಲಿ ಏನೇ ಕಟ್ಟಬೇಕಾದರೂ 2002ರ ಕಾಯ್ದೆಯಡಿ ರಚನೆಯಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಟ್ಟುಪಾಡುಗಳಿವೆ. ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ಆದೇಶದ ಬೆನ್ನಿಗೇ ನೆಲಸಮ ಮಾಡಿದ ನೆನಪು ಯಾರಿಗೂ ಮಾಸಿಲ್ಲ. ಈಜುಕೊಳ ತೋಡಲು ಹೋದರೆ ಅನುಮತಿಯ ಪ್ರಶ್ನೆ ಬರುತ್ತದೆ. ಗಾಳಿ ತೆಗೆದರೆ ಮಡಚಿಡಬಹುದಾದ ತೊಟ್ಟಿಯನ್ನು ಯಾರೂ ಕೇಳುವುದಿಲ್ಲ ಎಂಬುದು ಲೆಕ್ಕಾಚಾರ. ಆದರೆ ಯಾರೂ ಕೇಳುವುದಿಲ್ಲವೆಂದರೆ ಯಾರೂ ಪರೀಕ್ಷಿಸುವುದಿಲ್ಲ ಎಂದೂ ಅರ್ಥ.

ಪ್ಲಗ್ ಕತ್ತರಿಸಿದಾಗ

ಅಪಾಯ ಮೊದಲು ಕಾಣಿಸಿಕೊಳ್ಳುವುದು ವಿದ್ಯುತ್ತಿನಲ್ಲಿ. ಒದ್ದೆ ಮೈಯ ಮನುಷ್ಯ ನೀರಿನಲ್ಲಿ ಕುಳಿತಿರುವಾಗ ಅದೇ ನೀರಿಗೆ ತಾಗಿಕೊಂಡು ಹೀಟರ್, ಪಂಪು, ಗಾಳಿಯೂದುವ ಯಂತ್ರ ಕೆಲಸ ಮಾಡುತ್ತಿರುತ್ತವೆ. ಒಣ ಚರ್ಮಕ್ಕಿರುವ ತಡೆಶಕ್ತಿ ನೆನೆದ ಚರ್ಮಕ್ಕಿಲ್ಲ. ಆದ್ದರಿಂದಲೇ 30 ಮಿಲಿ ಆಂಪಿಯರ್‌ನಷ್ಟು ಸೋರಿಕೆಯಾದರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ಸಾಧನ ಇಂತಹ ಕಡೆ ಇರಲೇಬೇಕು. ಇಲ್ಲಿನ ಎಲೆಕ್ಟ್ರಿಷಿಯನ್ನರು ಇದನ್ನು ಆರ್‌ಸಿಸಿಬಿ ಅಥವಾ ಹಳೆಯ ರೂಢಿಯಂತೆ ಇಎಲ್‌ಸಿಬಿ ಎನ್ನುತ್ತಾರೆ. ಸಾಮಾನ್ಯ ಎಂಸಿಬಿ ಈ ಕೆಲಸ ಮಾಡಲಾರದು. ಅದು ಕಾಯುವುದು ತಂತಿಯನ್ನೇ ಹೊರತು ಮನುಷ್ಯನನ್ನಲ್ಲ.

ಅಮೆರಿಕ, ಯುರೋಪಿನ ಮಾರುಕಟ್ಟೆಗೆಂದು ತಯಾರಾಗುವ ಗಾಳಿ ತೊಟ್ಟಿಗಳ ತಂತಿಯ ತುದಿಯಲ್ಲಿ ಇಂತಹ ಸಾಧನ ಅನೇಕ ವೇಳೆ ಪ್ಲಗ್ಗಿನ ಜೊತೆಗೇ ಡಬ್ಬಿಯಂತೆ ಜೋಡಣೆಯಾಗಿ ಬರುತ್ತದೆ. ಎಡವಟ್ಟಾಗುವುದು ಇಲ್ಲಿಯೇ. ಆ ಪ್ಲಗ್ ನಮ್ಮ ಮೂರು ತೂತಿನ ಸಾಕೆಟ್ಟಿಗೆ ಹೊಂದುವುದಿಲ್ಲ. ಕರೆಸಿದ ಎಲೆಕ್ಟ್ರಿಷಿಯನ್ ಪ್ಲಗ್ ಕತ್ತರಿಸಿ, ನಮ್ಮ 16 ಆಂಪಿಯರ್ ಪ್ಲಗ್ ಜೋಡಿಸಿ ಕೈತೊಳೆದುಕೊಳ್ಳುತ್ತಾನೆ. ಕತ್ತರಿಸಿ ಬಿಸಾಡಿದ ತುಂಡಿನ ಜೊತೆಗೆ ಜೀವ ಕಾಯುವ ಸಾಧನವೂ ಕಸದ ಬುಟ್ಟಿ ಸೇರಿರುತ್ತದೆ. ತೊಟ್ಟಿಯೇನೋ ಬಿಸಿಯಾಗುತ್ತದೆ, ಗುಳ್ಳೆಯೂ ಏಳುತ್ತದೆ, ಏನೂ ಕೆಟ್ಟಂತೆ ಕಾಣುವುದಿಲ್ಲ. ಕತ್ತರಿಸುವ ಬದಲು ಎಲ್ಲ ದೇಶದ ಪ್ಲಗ್ಗಿಗೂ ಹೊಂದುವ ಅಡಾಪ್ಟರ್ ಬಳಸಿದರೆ ಬೇರೆಯದೇ ತೊಡಕು. ಯುರೋಪಿನ ದುಂಡು ಪ್ಲಗ್ಗಿನಲ್ಲಿ ಅರ್ಥಿಂಗ್ ಸಂಪರ್ಕವಿರುವುದು ಪಕ್ಕದ ಪಟ್ಟಿಯಲ್ಲಿ. ಅಗ್ಗದ ಅಡಾಪ್ಟರ್‌ಗಳಲ್ಲಿ ಆ ಪಟ್ಟಿ ಎಲ್ಲಿಗೂ ತಾಗುವುದಿಲ್ಲ.

ಅರ್ಥಿಂಗ್ ವಿಷಯದಲ್ಲಿ ಹಂಪಿಯ ನೆಲವೂ ಅನುಕೂಲಕರವಲ್ಲ. ಇದು ಕಗ್ಗಲ್ಲಿನ ನಾಡು. ತೇವವಿರುವ ಮಣ್ಣು ವಿದ್ಯುತ್ತನ್ನು ಸಲೀಸಾಗಿ ಭೂಮಿಗಿಳಿಸುತ್ತದೆ, ಗ್ರಾನೈಟ್ ಬಂಡೆ ಇಳಿಸುವುದಿಲ್ಲ. ಮೂರಡಿ ತೋಡುವಷ್ಟರಲ್ಲಿ ಬಂಡೆ ಸಿಗುವ ಜಾಗದಲ್ಲಿ ಇದ್ದಲು, ಉಪ್ಪು ತುಂಬಿ ಮುಚ್ಚಿದ ಅರ್ಥಿಂಗ್ ಗುಂಡಿ ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಒಣಗಿ ಹೆಸರಿಗಷ್ಟೇ ಉಳಿದಿರುತ್ತದೆ. ಗುಂಡಿಗೆ ಆಗಾಗ ನೀರು ಹಾಕುವ ಹಳೆಯ ರೂಢಿಯನ್ನು ಹೊಸ ಕಟ್ಟಡಗಳಲ್ಲಿ ಪಾಲಿಸುವವರು ವಿರಳ. ವಿದ್ಯುತ್ ಹೋದಾಗ ಓಡಿಸುವ ಚಿಕ್ಕ ಜನರೇಟರ್‌ಗಳ ನ್ಯೂಟ್ರಲ್ ಭೂಮಿಗೆ ಜೋಡಣೆಯಾಗಿರದಿದ್ದರೆ ಆರ್‌ಸಿಸಿಬಿ ಇದ್ದೂ ಇಲ್ಲದಂತಾಗಬಹುದು ಎಂಬುದು ಮತ್ತೊಂದು ಸೂಕ್ಷ್ಮ.

ಇನ್ನು ಲೋಡಿನ ಲೆಕ್ಕ. 1000 ಲೀಟರ್ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 17.5 ಯೂನಿಟ್ ವಿದ್ಯುತ್ ಬೇಕು. 2 ಕಿಲೋವ್ಯಾಟ್ ಹೀಟರಿಗೆ ಇದು ಒಂಬತ್ತು ತಾಸಿನ ಕೆಲಸ. ನಡುವೆ ಆರಿಹೋಗುವ ಶಾಖವನ್ನು ಸೇರಿಸಿದರೆ ಇನ್ನೂ ಹೆಚ್ಚು. ಅಂದರೆ ಸಂಜೆಯ ಅತಿಥಿಗಾಗಿ ಬೆಳಿಗ್ಗೆಯೇ ಸ್ವಿಚ್ ಹಾಕಬೇಕು, ಇಲ್ಲವೇ ರಾತ್ರಿಯಿಡೀ ಬಿಟ್ಟಿರಬೇಕು. ಹೀಟರ್ ಮತ್ತು ಗಾಳಿಯಂತ್ರ ಒಟ್ಟಿಗೆ ಓಡಿದರೆ 11-12 ಆಂಪಿಯರ್ ಹರಿಯುತ್ತದೆ. ಟೆಲಿವಿಷನ್ನಿಗೆಂದು ತಂದ 6 ಆಂಪಿಯರ್ ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ, ಅದೂ ತೋಟದ ಒದ್ದೆ ಹುಲ್ಲಿನ ಮೇಲೆ, ಇಷ್ಟು ಹೊತ್ತು ಈ ಭಾರ ಬಿದ್ದರೆ ಪ್ಲಾಸ್ಟಿಕ್ ಕರಗುವುದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದ ಮಾದರಿಯನ್ನು ತರಿಸಿದವರ ಗೋಳೇ ಬೇರೆ. ಅಲ್ಲಿನ ಮನೆಬಳಕೆಯ ಸಾಮಾನ್ಯ ವೋಲ್ಟೇಜ್ 120, ಆವರ್ತನ 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಇಳಿಸಿದರೂ ಆವರ್ತನ ಬದಲಾಗುವುದಿಲ್ಲ. ಪಂಪು ನಿಧಾನವಾಗಿ ಓಡಿ, ಬೇಗ ಕಾಯುತ್ತದೆ.

ಪೆಟ್ಟಿಗೆಯ ಮೇಲೆ ‘ಸಿಇ’ ಎಂಬ ಗುರುತು ಇದೆಯಲ್ಲ ಎಂದು ಮಾರುವವರು ತೋರಿಸುವುದುಂಟು. ಬಹುತೇಕ ವಸ್ತುಗಳ ಮಟ್ಟಿಗೆ ಆ ಗುರುತು, ಯುರೋಪಿನ ನಿಯಮಗಳನ್ನು ಪಾಲಿಸಿದ್ದೇನೆ ಎಂದು ತಯಾರಕನೇ ಮಾಡಿಕೊಳ್ಳುವ ಘೋಷಣೆ. ಸರ್ಕಾರವೊಂದು ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರ ಅದಲ್ಲ. ಸುಳಿನೀರಿನ ತೊಟ್ಟಿಗಳಿಗೆಂದೇ ಐಇಸಿ 60335-2-60 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡವಿದೆ. ಅದರಂತೆ ಸ್ವತಂತ್ರ ಪ್ರಯೋಗಾಲಯದಲ್ಲಿ ನಡೆದ ಪರೀಕ್ಷೆಯ ವರದಿ ಕೇಳಿದರೆ ಅಗ್ಗದ ಮಾರಾಟಗಾರರಲ್ಲಿ ಹೆಚ್ಚಿನವರ ಮಾತು ಅಲ್ಲಿಗೇ ನಿಲ್ಲುತ್ತದೆ. ಗೀಸರ್ ಅಥವಾ ಇಮ್ಮರ್ಷನ್ ರಾಡ್ ಕೊಳ್ಳುವಾಗ ಐಎಸ್‌ಐ ಗುರುತು ನೋಡುವ ಅಭ್ಯಾಸ ನಮ್ಮ ಗ್ರಾಹಕರಿಗೆ ಅಷ್ಟಿಷ್ಟಾದರೂ ಬಂದಿದೆ. ತೊಟ್ಟಿಯ ವಿಷಯದಲ್ಲಿ ಚಿತ್ರ ನೋಡಿ ಮರುಳಾಗುವುದೇ ಹೆಚ್ಚು.

ಮಾಳಿಗೆಯ ಮೇಲೆ ಒಂದು ಟನ್

ಹಂಪಿಯಲ್ಲಿ ನೋಟಕ್ಕೆ ಬೆಲೆ. ಮಾತಂಗ ಬೆಟ್ಟವೋ ವಿರೂಪಾಕ್ಷನ ಗೋಪುರವೋ ಕಾಣುವ ಮಾಳಿಗೆಗೆ ಹೆಚ್ಚಿನ ಗಿರಾಕಿ. ಹಾಗಾಗಿ ತೊಟ್ಟಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಮಾಲೀಕನ ಉತ್ತರ ಮಾಳಿಗೆಯೇ ಆಗುವುದು ಸಹಜ. ಗಾಳಿ ತೊಟ್ಟಿಯನ್ನು ಇಬ್ಬರು ಸಲೀಸಾಗಿ ಮೇಲಕ್ಕೆ ಹೊತ್ತೊಯ್ಯಬಹುದು. ಭಾರ ಬರುವುದು ನೀರು ತುಂಬಿದ ಮೇಲೆ.

ಸುಮಾರು 2 ಮೀಟರ್ ವ್ಯಾಸದ ತೊಟ್ಟಿಯಲ್ಲಿ 1000 ಲೀಟರ್ ನೀರು ಎಂದರೆ ಒಂದು ಟನ್. ತಲಾ 70 ಕಿಲೋದ ನಾಲ್ವರು ಒಳಗೆ ಕುಳಿತರೆ ಒಟ್ಟು 1280 ಕಿಲೋ. ತೊಟ್ಟಿ ಆವರಿಸುವ ನೆಲ ಮೂರು ಚದರ ಮೀಟರ್‌ಗಿಂತ ತುಸು ಹೆಚ್ಚು. ಅಂದರೆ ಪ್ರತಿ ಚದರ ಮೀಟರಿನ ಮೇಲೆ 400 ಕಿಲೋಗೂ ಮೀರಿದ ಭಾರ. ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಜನ ಓಡಾಡುವ ಮಾಳಿಗೆಯನ್ನು ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೋ, ವಾಸದ ಕೊಠಡಿಯ ನೆಲವನ್ನು ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸ ಮಾಡುವುದು ರೂಢಿ. ಇಂಜಿನಿಯರು ಸುರಕ್ಷತೆಗೆಂದು ಒಂದಿಷ್ಟು ಹೆಚ್ಚುವರಿ ಬಲ ಇಟ್ಟಿರುತ್ತಾನೆ ನಿಜ. ಆದರೆ ಆ ಬಲವಿರುವುದು ಕಳಪೆ ಕಾಂಕ್ರೀಟು, ತುಕ್ಕು ಹಿಡಿದ ಕಬ್ಬಿಣ, ಕಟ್ಟುವಾಗಿನ ತಪ್ಪುಗಳನ್ನು ತಾಳಿಕೊಳ್ಳಲೆಂದು. ಇಂಜಿನಿಯರನನ್ನೇ ಕಾಣದೆ ಮೇಸ್ತ್ರಿಯ ಅಂದಾಜಿನಲ್ಲಿ ಎದ್ದ ಕಟ್ಟಡಗಳಲ್ಲಿ ಆ ಹೆಚ್ಚುವರಿ ಬಲ ಎಷ್ಟಿದೆಯೆಂದು ಬಲ್ಲವರಾರು? ಈ ಭಾಗದ ಹಳೆಯ ಮಣ್ಣಿನ ಮಾಳಿಗೆ ಮನೆಗಳ, ಕಡಪ ಕಲ್ಲು ಹಾಸಿದ ಚಾವಣಿಗಳ ಮಾತಂತೂ ಬೇಡವೇ ಬೇಡ.

ಸಾವಿರ ಲೀಟರಿನ ನೀರಿನ ಟ್ಯಾಂಕು ಪ್ರತಿ ಮನೆಯ ಮೇಲೂ ಇದೆಯಲ್ಲ ಎಂಬ ವಾದ ಬಂದೇ ಬರುತ್ತದೆ. ಸರಿಯಾಗಿ ಕೂರಿಸಿದ ಟ್ಯಾಂಕಿನ ಅಡಿಯಲ್ಲಿ ಗೋಡೆಯೋ ಕಂಬವೋ ಇರುತ್ತದೆ. ಹೆಚ್ಚಿನ ಕಡೆ ಅದು ಮೆಟ್ಟಿಲ ಮನೆಯ ಮೇಲಿರುತ್ತದೆ. ನೋಟಕ್ಕಾಗಿ ಇಡುವ ತೊಟ್ಟಿ ಗೋಡೆ, ಕಂಬಗಳನ್ನು ಬಿಟ್ಟು ಚಾವಣಿಯ ನಡುವೆ ಅಥವಾ ಹೊರಚಾಚಿದ ಬಾಲ್ಕನಿಯ ಅಂಚಿನಲ್ಲಿ ನಿಲ್ಲುತ್ತದೆ. ಟ್ಯಾಂಕಿನೊಳಗೆ ನಾಲ್ವರು ಎದ್ದು ಕುಳಿತು ಮಾಡುವುದೂ ಇಲ್ಲ.

ಸ್ನಾನದ ಮನೆಯೊಳಗಿನ ಟಬ್‌ಗೆ ಈ ತೂಕದ ಸಮಸ್ಯೆ ಅಷ್ಟಾಗಿಲ್ಲ. ಅಲ್ಲಿ ಕಾಡುವುದು ಬೇರೆಯೇ ಸಂಗತಿ. ಹೊಸಪೇಟೆ, ಸಂಡೂರಿನಂತಹ ಊರುಗಳ ಮಧ್ಯಮ ವರ್ಗದ ಹೊಸ ಮನೆಗಳಲ್ಲಿ ವಿದೇಶಿ ಟಬ್ ತಂದು ಕೂರಿಸಿ, ಅದಕ್ಕೆ ಬಿಸಿನೀರನ್ನು ಹಳೆಯ ಗ್ಯಾಸ್ ಗೀಸರಿನಿಂದ ತುಂಬಿಸುವವರಿದ್ದಾರೆ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಒಂದು ಬಕೆಟ್ಟಿಗೆ ಮೂರ್ನಾಲ್ಕು ನಿಮಿಷ ಉರಿದರೆ, 300 ಲೀಟರಿನ ಟಬ್‌ಗೆ 50 ನಿಮಿಷ ಉರಿಯಬೇಕು. ಅನೇಕ ಮಾದರಿಗಳಲ್ಲಿ 20 ನಿಮಿಷಕ್ಕೆ ತಾನಾಗಿ ಆರುವ ಟೈಮರ್ ಇರುವುದು ಇಂತಹ ದೀರ್ಘ ಉರಿಯನ್ನು ತಡೆಯಲೆಂದೇ. ಆರಿದಾಗಲೆಲ್ಲ ಮತ್ತೆ ಹಚ್ಚಿದರೆ ಟೈಮರ್ ಇದ್ದು ಪ್ರಯೋಜನವೇನು? ಕಿಟಕಿ ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕುಗ್ಗುತ್ತಾ ಹೋದಂತೆ ಅನಿಲ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕಿಳಿದ ಇಬ್ಬರು ಸಹೋದರಿಯರು ಗ್ಯಾಸ್ ಗೀಸರಿನ ವಿಷಾನಿಲಕ್ಕೆ ಬಲಿಯಾದರು. ಬೆಂಗಳೂರಿನಲ್ಲಿ ಇಂತಹ ಸಾವುಗಳು ಚಳಿಗಾಲದ ವಾಡಿಕೆಯ ಸುದ್ದಿಯೆಂಬಂತೆ ಆಗಿಬಿಟ್ಟಿವೆ.

ಬೆಚ್ಚಗಿನ ನೀರಿನಲ್ಲಿ ಬೆಳೆಯುವುದೇನು?

ನಮ್ಮ ಬಚ್ಚಲ ಹಂಡೆಯ ನೀರಿಗೂ ಈ ತೊಟ್ಟಿಯ ನೀರಿಗೂ ಮೂಲಭೂತವಾದ ವ್ಯತ್ಯಾಸವೊಂದಿದೆ. ಹಂಡೆಯ ನೀರು ಕಾದು, ಮೈಮೇಲೆ ಬಿದ್ದು, ಹರಿದು ಹೋಗುತ್ತದೆ. ಹಂಪಿಯ ರಾಣಿಯರ ಸ್ನಾನಗೃಹಕ್ಕೂ ಕಾಲುವೆಯ ನೀರು ಬರುವ ಮತ್ತು ಹೊರಹೋಗುವ ದಾರಿಗಳಿದ್ದವು. ಆದರೆ ಈ ತೊಟ್ಟಿಯ ನೀರು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಅಲ್ಲೇ ಸುತ್ತುತ್ತಿರುತ್ತದೆ. ಒಬ್ಬರ ಬೆವರು, ಎಣ್ಣೆ, ಚರ್ಮದ ಹೊಟ್ಟು ಇನ್ನೊಬ್ಬರ ಸ್ನಾನಕ್ಕೆ ಉಳಿದಿರುತ್ತದೆ. ಸೋಸುಕವೂ ಕ್ಲೋರಿನ್ನೂ ಸರಿಯಾಗಿದ್ದರಷ್ಟೇ ಅದು ಸ್ನಾನದ ನೀರು.

ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ವೃದ್ಧಿಯಾಗುತ್ತದೆ. ಬಿಸಿನೀರಿನ ತೊಟ್ಟಿಯ ಶಾಖವೂ ಅಷ್ಟೇ. ಈ ರೋಗಾಣು ಕುಡಿಯುವುದರಿಂದ ಬರುವುದಕ್ಕಿಂತ ಮುಖ್ಯವಾಗಿ ಉಸಿರಿನ ಮೂಲಕ ಶ್ವಾಸಕೋಶ ಸೇರುತ್ತದೆ. ಗುಳ್ಳೆಗಳು ಒಡೆದಾಗ ಏಳುವ ಸಣ್ಣ ತುಂತುರೇ ಅದರ ವಾಹನ. 1999ರಲ್ಲಿ ನೆದರ್ಲೆಂಡ್ಸಿನ ಬೊವೆನ್‌ಕಾರ್ಸ್ಪೆಲ್ ಎಂಬಲ್ಲಿ ನಡೆದ ಪುಷ್ಪ ಪ್ರದರ್ಶನವೊಂದರಲ್ಲಿ ಮಾರಾಟಕ್ಕೆಂದು ಇಟ್ಟು ಗುಳ್ಳೆಯೆಬ್ಬಿಸುತ್ತಿದ್ದ ತೊಟ್ಟಿಯಿಂದ ಈ ಸೋಂಕು ಹರಡಿ ಕನಿಷ್ಠ 32 ಮಂದಿ ಸತ್ತರು. ಅವರು ತೊಟ್ಟಿಗೆ ಇಳಿದವರಲ್ಲ, ಪಕ್ಕದಲ್ಲಿ ಹಾದುಹೋದವರು. 2019ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ಜಾತ್ರೆಯೊಂದರಲ್ಲಿಯೂ ಇಂಥದ್ದೇ ಪ್ರದರ್ಶನದ ತೊಟ್ಟಿಗಳ ಸುತ್ತ ನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ ನಾಲ್ವರು ಮೃತಪಟ್ಟರು. ನಮ್ಮಲ್ಲಿ ನ್ಯುಮೋನಿಯಾ ಎಂದು ಬರೆದು ಮುಗಿಸುವ ಪ್ರಕರಣಗಳಲ್ಲಿ ಈ ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷೆ ನಡೆಸುವುದೇ ಅಪರೂಪ. ಮೂರು ದಿನ ಹಂಪಿಯಲ್ಲಿದ್ದು ಊರಿಗೆ ಮರಳಿದ ಮೇಲೆ ಜ್ವರ ಬಂದವನು ಹೋಂಸ್ಟೇಯ ತೊಟ್ಟಿಯನ್ನು ನೆನೆಯುವ ಸಂಭವವೂ ಕಡಿಮೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆಯಂತೆ ತೊಟ್ಟಿಯ ನೀರಿನಲ್ಲಿ ದಶಲಕ್ಷಕ್ಕೆ ಕನಿಷ್ಠ 3 ಭಾಗ ಕ್ಲೋರಿನ್ ಇರಬೇಕು, ಪಿಎಚ್ 7.0ರಿಂದ 7.8ರೊಳಗಿರಬೇಕು, ಶಾಖ 40 ಡಿಗ್ರಿ ಮೀರಬಾರದು. ಬಿಸಿಗೆ, ಗುಳ್ಳೆಗೆ ಕ್ಲೋರಿನ್ ಬೇಗ ಹಾರಿಹೋಗುವುದರಿಂದ ಇದನ್ನು ದಿನಕ್ಕೆ ಒಂದೆರಡು ಬಾರಿಯಾದರೂ ಪರೀಕ್ಷಾ ಪಟ್ಟಿಯಿಂದ ನೋಡಬೇಕು. ಹಾಸಿಗೆ ಬದಲಿಸುವ, ಅಡುಗೆ ಮಾಡುವ, ಬಸ್ ನಿಲ್ದಾಣದಿಂದ ಅತಿಥಿಯನ್ನು ಕರೆತರುವ ಒಬ್ಬನೇ ಹುಡುಗನಿಗೆ ಈ ಕೆಲಸವನ್ನೂ ಹೊರಿಸಿದರೆ ಅದು ನಡೆಯುವುದು ಎಷ್ಟು ದಿನ?

ನೀರಿನ ಮೂಲವೂ ಊರಿಂದೂರಿಗೆ ಬೇರೆ. ಕಂಪ್ಲಿಯಲ್ಲಿ ತುಂಗಭದ್ರೆಯ ನೀರು ಮಳೆಗಾಲದಲ್ಲಿ ಕೆಂಪಗೆ ಕದಡಿರುತ್ತದೆ. ಬೋರ್‌ವೆಲ್ ನೀರು ಗಡಸು. ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಹಿಟ್ಟನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಹಿಟ್ಟು ತೊಟ್ಟಿಯ ಹೀಟರ್ ಕೊಳವೆಯ ಒಳಗೆ ಕಟ್ಟಿದರೆ ಶಾಖ ನೀರಿಗೆ ಇಳಿಯದೆ ಕೊಳವೆಯೇ ಕಾದು ಬಿರಿಯುತ್ತದೆ, ಬಿರಿದರೆ ವಿದ್ಯುತ್ತು ನೀರಿಗಿಳಿಯುತ್ತದೆ. ಕ್ರಿಮಿ ಕೊಲ್ಲಲೆಂದು ಬ್ಲೀಚಿಂಗ್ ಪೌಡರ್ ಸುರಿದರೆ ಅದರಲ್ಲಿನ ಕ್ಯಾಲ್ಸಿಯಂ ಗಡಸುತನವನ್ನು ಇನ್ನಷ್ಟು ಏರಿಸುತ್ತದೆ. ಸಂಡೂರಿನ ಕಡೆ ಅದಿರು ಲಾರಿಗಳ ಕೆಂಪು ಧೂಳು ಮುಚ್ಚಳವಿಲ್ಲದ ತೊಟ್ಟಿಯನ್ನು ಬಿಡುವುದಿಲ್ಲ. ಅಂಗೈ ಅಗಲದ ಕಾಗದದ ಸೋಸುಕ ಅಲ್ಲಿ ಎಷ್ಟು ದಿನ ತಾಳೀತೆಂಬುದನ್ನು ಕೈಪಿಡಿ ಬರೆದವನು ಊಹಿಸಿರಲಾರ. ಹೊಸ ನೀರನ್ನೇ ತುಂಬಿದರಾಯಿತು ಎನ್ನುವುದಾದರೆ, ನಗರದ ಒಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ನೀರು ಪೂರೈಕೆಯ ಮಾನದಂಡ. ಒಂದು ತೊಟ್ಟಿಯ ನೀರು ಏಳು ಜನರ ದಿನದ ಪಾಲು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ ನೀರು ನದಿಗೆ ಹರಿದುಹೋದಾಗ ಈ ಭಾಗದ ಜನ ಪಟ್ಟ ಆತಂಕವನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಪಂಪು ನೀರನ್ನು ಎಳೆದುಕೊಳ್ಳುವ ತೂತಿನ ಮುಚ್ಚಳ ಸರಿಯಿಲ್ಲದಿದ್ದರೆ ಕೂದಲೋ ಮೈಯೋ ಅದಕ್ಕೆ ಅಂಟಿಕೊಂಡು ಬಿಡಿಸಿಕೊಳ್ಳಲಾಗದು. 2002ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ವರ್ಜೀನಿಯಾ ಗ್ರೇಮ್ ಬೇಕರ್ ಹೀಗೆಯೇ ತೊಟ್ಟಿಯಲ್ಲಿ ಸಿಲುಕಿ ಮುಳುಗಿ ಸತ್ತಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಮುಚ್ಚಳಗಳಿಗೆ ಮಾನದಂಡ ವಿಧಿಸಿತು. ಬಿಡಿಭಾಗ ಸಿಗದೆ, ಒಡೆದ ಮುಚ್ಚಳದ ಜಾಗಕ್ಕೆ ಜಾಲರಿ ಕಟ್ಟಿ ಓಡಿಸುವ ತೊಟ್ಟಿಗೆ ಯಾವ ಮಾನದಂಡವೂ ಅನ್ವಯಿಸದು.

ಕೆಟ್ಟರೆ ರಿಪೇರಿ ಮಾಡುವವರಾರು?

ಜಕೂಝಿ ಎಂಬುದು ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಕುಟುಂಬವೊಂದರ ಹೆಸರು. ಆ ಸಹೋದರರು ಮೊದಲು ವಿಮಾನದ ಪ್ರೊಪೆಲ್ಲರ್, ಬಳಿಕ ಕೃಷಿ ಬಾವಿಗಳ ಪಂಪು ತಯಾರಿಸುತ್ತಿದ್ದವರು. ಸಂಧಿವಾತದಿಂದ ನರಳುತ್ತಿದ್ದ ಮಗನಿಗಾಗಿ ಕ್ಯಾಂಡಿಡೊ ಜಕೂಝಿ ಟಬ್ಬಿಗಿಳಿಸುವ ಪಂಪೊಂದನ್ನು ರೂಪಿಸಿದ್ದು 1940ರ ದಶಕದ ಕೊನೆಯಲ್ಲಿ. ಹೀಗೆ ಐಷಾರಾಮದ ಈ ವಸ್ತುವಿನ ಮೂಲದಲ್ಲಿರುವುದು ರೈತನ ಪಂಪ್‌ಸೆಟ್.

ಪಂಪ್‌ಸೆಟ್ ವಿಷಯದಲ್ಲಿ ಕಂಪ್ಲಿ, ಹೊಸಪೇಟೆಗಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಭತ್ತ, ಕಬ್ಬು, ಬಾಳೆಯ ಈ ಸೀಮೆಯಲ್ಲಿ ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಮೋಟಾರನ್ನು ಒಂದೆರಡು ದಿನದಲ್ಲಿ ವೈಂಡಿಂಗ್ ಮಾಡಿಕೊಡುವ ಅಂಗಡಿಗಳಿವೆ. ಆದರೆ ಅಗ್ಗದ ತೊಟ್ಟಿಯಲ್ಲಿ ಪಂಪು, ಹೀಟರ್, ನಿಯಂತ್ರಣ ಫಲಕ ಎಲ್ಲವೂ ಒಂದೇ ಡಬ್ಬಿಯಲ್ಲಿ ಮುಚ್ಚಿಹೋಗಿರುತ್ತವೆ. ಫಲಕವನ್ನು ನೀರು ತಾಗದಂತೆ ರಾಳ ಸುರಿದು ಗಟ್ಟಿ ಮಾಡಿರುವುದೂ ಉಂಟು. ಒಂದು ಭಾಗ ಕೆಟ್ಟರೆ ಇಡೀ ಡಬ್ಬಿ ಬದಲಿಸಬೇಕು. ಆ ಡಬ್ಬಿಯ ಮಾದರಿ ಮುಂದಿನ ವರ್ಷಕ್ಕೆ ನಿಂತುಹೋಗಿರುತ್ತದೆ. ಆಗ ಮಾಲೀಕ ಮೊರೆಹೋಗುವುದು ಮತ್ತದೇ ವೈಂಡಿಂಗ್ ಅಂಗಡಿಗೆ. ಉಷ್ಣತೆ ಮಿತಿಮೀರಿದಾಗ ಹೀಟರನ್ನು ಆರಿಸುವ ಸೆನ್ಸರನ್ನು ತಪ್ಪಿಸಿ ನೇರ ತಂತಿ ಎಳೆದುಕೊಟ್ಟರೆ ತೊಟ್ಟಿ ಮತ್ತೆ ಕಾಯತೊಡಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಸೆನ್ಸರ್ ಇಲ್ಲದ ತೊಟ್ಟಿಯ ನೀರು ಎಷ್ಟಕ್ಕೆ ಏರಬಹುದು, ಅದರಲ್ಲಿ ಮದ್ಯ ಸೇವಿಸಿ ಕುಳಿತವನ ರಕ್ತದೊತ್ತಡ ಎಷ್ಟಕ್ಕೆ ಇಳಿಯಬಹುದು ಎಂಬುದನ್ನು ವೈದ್ಯರೇ ಹೇಳಬೇಕಿಲ್ಲ. ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ ಸರಿಯಾಗಿರುವ ತೊಟ್ಟಿಯೇ ಸಲ್ಲದು.

ಇದೇ ನೆಲದಿಂದ 2000ದ ದಶಕದಲ್ಲಿ ಕಬ್ಬಿಣದ ಅದಿರು ಲಾರಿಗಟ್ಟಲೆ ಬಂದರುಗಳಿಗೆ, ಅಲ್ಲಿಂದ ಚೀನಾಕ್ಕೆ ಹೋಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಗಣಿ ಹಣ ಈ ಭಾಗದ ಆಸೆಗಳನ್ನು ಬದಲಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಅಂದು ಹೋದ ಅದಿರಿಗೆ ಟನ್ನಿನ ಲೆಕ್ಕವಾದರೂ ಇತ್ತು. ಇಂದು ಪೆಟ್ಟಿಗೆಯಲ್ಲಿ ಬರುವ ಸರಕಿಗೆ ಉತ್ತರಿಸುವವರ ವಿಳಾಸವೂ ಇರುವುದಿಲ್ಲ.

ಕಾನೂನಿನ ನಡುವೆ ಸಿಕ್ಕ ಮಾಲೀಕ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ-2019, ದೋಷಪೂರಿತ ವಸ್ತುವಿನಿಂದಾದ ಹಾನಿಗೆ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವನ್ನೇ ಸೇರಿಸಿತು. ತಯಾರಕ ಯಾರೆಂದು ತಿಳಿಯದಿದ್ದರೆ ಅಥವಾ ಅವನಿಗೆ ನೋಟಿಸ್ ತಲುಪಿಸಲಾಗದಿದ್ದರೆ ಮಾರಾಟಗಾರನನ್ನೇ ಹೊಣೆ ಮಾಡಬಹುದೆಂದು ಅದರ 86ನೇ ಕಲಂ ಹೇಳುತ್ತದೆ. ಮನೆಗೆಂದು ಭಾರತದ ಅಂಗಡಿಯಿಂದ ಬಿಲ್ ಸಹಿತ ಕೊಂಡವನಿಗೆ ಇದು ಗಟ್ಟಿಯಾದ ಆಸರೆ.

ಆದರೆ ಅದರ ಮರುಕಲಂ ಅನ್ನು ಓದಬೇಕು. ಹಾನಿಯಾದಾಗ ವಸ್ತುವನ್ನು ಬದಲಾಯಿಸಲಾಗಿತ್ತು, ಮಾರ್ಪಡಿಸಲಾಗಿತ್ತು ಅಥವಾ ದುರ್ಬಳಕೆ ಮಾಡಲಾಗಿತ್ತು ಎಂದಾದರೆ ಮಾರಾಟಗಾರನ ವಿರುದ್ಧ ಹೊಣೆಗಾರಿಕೆಯ ದಾವೆ ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್ ಕತ್ತರಿಸಿದ ಆ ಪ್ಲಗ್ ಇಲ್ಲಿ ಎದುರಾಳಿ ವಕೀಲನ ಮೊದಲ ಸಾಕ್ಷ್ಯವಾಗುತ್ತದೆ.

ಹೋಂಸ್ಟೇ ಮಾಲೀಕನ ಸ್ಥಿತಿ ಇನ್ನೂ ಇಕ್ಕಟ್ಟಿನದು. ವಾಣಿಜ್ಯ ಉದ್ದೇಶಕ್ಕೆ ವಸ್ತು ಕೊಂಡವನು ಕಾಯ್ದೆಯ 2(7)ನೇ ಕಲಮಿನ ಪ್ರಕಾರ ಗ್ರಾಹಕನೇ ಅಲ್ಲ. ಸ್ವ-ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಬಳಸುವವನಿಗೆ ವಿನಾಯಿತಿ ಇದೆ. ಮನೆಯ ಎರಡು ಕೊಠಡಿಗಳನ್ನು ತಾನೇ ನಡೆಸುವವನು ಆ ವಿನಾಯಿತಿ ಕೇಳಬಹುದು. ಆಳುಗಳನ್ನಿಟ್ಟು ಹತ್ತು ಕೊಠಡಿ ನಡೆಸುವವನಿಗೆ ಅದು ದಕ್ಕುವುದು ಕಷ್ಟ. ಅತ್ತ ವಿದೇಶಿ ತಾಣದಿಂದ ನೇರವಾಗಿ ತರಿಸಿಕೊಂಡಿದ್ದರೆ ಆಮದುದಾರ ಬೇರೆ ಯಾರೂ ಅಲ್ಲ, ಅವನೇ.

ಇತ್ತ ಅವನ ಅತಿಥಿ ಮಾತ್ರ ಎಲ್ಲ ಅರ್ಥದಲ್ಲೂ ಗ್ರಾಹಕ. ತೊಟ್ಟಿಯಲ್ಲಿ ಅತಿಥಿಗೆ ಏನಾದರೂ ಆದರೆ ಅದು ಸೇವಾಲೋಪ. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ನಿರ್ಲಕ್ಷ್ಯದಿಂದಾದ ಸಾವಿನ ಪ್ರಕರಣ, ಐದು ವರ್ಷಗಳವರೆಗೆ ಸೆರೆವಾಸ. 2024ರ ನವೆಂಬರ್ 17ರಂದು ಮಂಗಳೂರು ಸಮೀಪದ ಉಳ್ಳಾಲದ ರೆಸಾರ್ಟ್ ಈಜುಕೊಳವೊಂದರಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟಾಗ ಪೊಲೀಸರು ಹೋದದ್ದು ಕೊಳ ಕಟ್ಟಿಕೊಟ್ಟವನ ಬಳಿಗಲ್ಲ, ರೆಸಾರ್ಟ್ ನಡೆಸುವವರ ಬಳಿಗೆ.

ದೂರು ಎಲ್ಲಿ ದಾಖಲಾಗುತ್ತದೆ ಎಂಬುದೂ ಗಮನಾರ್ಹ. ಹಳೆಯ 1986ರ ಕಾಯ್ದೆಯಲ್ಲಿ ಎದುರು ಪಕ್ಷದವನ ಊರು ಅಥವಾ ಘಟನೆ ನಡೆದ ಊರಿಗೆ ಹೋಗಬೇಕಿತ್ತು. ಹೊಸ ಕಾಯ್ದೆಯ 34ನೇ ಕಲಂ ದೂರುದಾರ ತಾನಿರುವ ಊರಿನಲ್ಲೇ ದೂರು ಕೊಡಲು ಅವಕಾಶ ನೀಡಿದೆ. ಬೆಂಗಳೂರಿನ ಅತಿಥಿ ಬೆಂಗಳೂರಿನಲ್ಲಿ, ಹುಬ್ಬಳ್ಳಿಯವನು ಹುಬ್ಬಳ್ಳಿಯಲ್ಲಿ ದೂರು ಕೊಡಬಹುದು. ಹೊಸಪೇಟೆಯ ಮಾಲೀಕ ಪ್ರತಿ ವಾಯಿದೆಗೂ ರೈಲು ಹತ್ತಬೇಕು, ಅವನಿಗೆ ತೊಟ್ಟಿ ಮಾರಿದವನು ಮಾತ್ರ ಸಮುದ್ರದಾಚೆ ನೆಮ್ಮದಿಯಿಂದಿರುತ್ತಾನೆ.

ಇಷ್ಟಾಗಿಯೂ ಕೊಳ್ಳಲೇಬೇಕೆನ್ನುವವರು ಹಣ ಕೊಡುವ ಮುನ್ನ ಪೆಟ್ಟಿಗೆಯನ್ನು ತಿರುಗಿಸಿ ನೋಡುವುದು ಒಳಿತು. ಆಮದಾದ ಪ್ರತಿ ಪೊಟ್ಟಣದ ಮೇಲೂ ಆಮದುದಾರನ ಹೆಸರು, ಪೂರ್ಣ ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಮತ್ತು ದೂರು ನೀಡಬೇಕಾದ ಸಂಪರ್ಕ ಇರಬೇಕೆಂದು 2011ರ ಕಾನೂನು ಮಾಪನ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ. ಆನ್‌ಲೈನ್ ತಾಣಗಳೂ ತಯಾರಾದ ದೇಶವನ್ನು ತೋರಿಸಬೇಕು. ಈ ಚೀಟಿ ಇಲ್ಲದ ಪೆಟ್ಟಿಗೆಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಚೀಟಿ ಇದ್ದರೆ ಅದರಲ್ಲಿನ ದೂರವಾಣಿ ಸಂಖ್ಯೆಗೇ ಒಮ್ಮೆ ಕರೆ ಮಾಡಿ, ಈ ಮಾದರಿಯ ಹೀಟರ್ ಮತ್ತು ಮುಚ್ಚಳ ಹೊಸಪೇಟೆಗೆ ಎಷ್ಟು ದಿನದಲ್ಲಿ ಬರುತ್ತದೆ, ಬಂದು ಜೋಡಿಸುವವರು ಯಾರು ಎಂದು ವಿಚಾರಿಸಿದ ಮೇಲೆ ಹಣದ ಮಾತು.